ಓದುಗರ ಪ್ರಶ್ನೆ: ಯಾಜಕಕಾಂಡದಲ್ಲಿ ಸಿಕ್ಕಿಹಾಕಿಕೊಂಡವರಿಗೆ

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ಬೈಬಲ್ ಅಂದ್ರೆ ಒಂದು ಪುಸ್ತಕ ಅಲ್ಲ, ಪುಸ್ತಕಗಳ ಗಂಟು ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೆ. ಆ ಒಂದು ಸಾಲಿಗೆ ಇಷ್ಟು ಪ್ರಶ್ನೆ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಹಾಗಾಗಿ ಈ ಸಲ ಪೂರ್ತಿ ಅದೇ. ನಾನು ಪಾಠ ಮಾಡಿದ್ದು ಕನ್ನಡ, ಭಾನುವಾರ ಮಾತ್ರ ಚರ್ಚಿನ ಸಂಡೇ ಸ್ಕೂಲ್ ಮಕ್ಕಳ ಜೊತೆ ಸುಮಾರು ವರ್ಷ ಕೂತವಳು. ಪಾದ್ರಿ ಅಲ್ಲ, ಪಂಡಿತಳೂ ಅಲ್ಲ. ಅದನ್ನ ಮನಸಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ಮೇಡಂ, ನಾನು ಬ್ಯಾಂಕಲ್ಲಿದ್ದು ರಿಟೈರ್ ಆದವನು. ಪಕ್ಕದ ಮನೆಯವರು ಕೊಟ್ಟ ಕನ್ನಡ ಬೈಬಲನ್ನ ಮೊದಲನೇ ಪುಟದಿಂದ ಶುರು ಮಾಡಿದೆ. ಆದಿಕಾಂಡ ಕಾದಂಬರಿ ಥರ ಓದಿಸಿಕೊಂಡು ಹೋಯ್ತು, ಯೋಸೇಫ ಅಣ್ಣಂದಿರಿಗೆ ತಾನು ಯಾರು ಅಂತ ಹೇಳ್ಕೊಳ್ಳೋ ಕಡೆ ಕಣ್ಣಲ್ಲಿ ನೀರು ಬಂತು. ಆಮೇಲೆ ವಿಮೋಚನಕಾಂಡದ ಅರ್ಧ ದಾಟಿದ್ರೆ ದೇವರ ಆರಾಧನೆಗೆ ಕಟ್ಟೋ ಗುಡಾರದ ಅಳತೆ, ಕಂಬ, ಪರದೆ, ಕೊಂಡಿ ಇದೇ ಆಯ್ತು. ಯಾಜಕಕಾಂಡಕ್ಕೆ ಬಂದವನು ಎರಡು ತಿಂಗಳಿಂದ ಅಲ್ಲೇ ಇದೀನಿ. ಇದು ಕಥೆನಾ, ಕಾನೂನಾ, ಪೂಜಾವಿಧಿನಾ? ಯಾವ ಲೆಕ್ಕದಲ್ಲಿ ಜೋಡಿಸಿದಾರೆ? (ತುಮಕೂರು)

ಉತ್ತರ: ಸರ್, ಬೇಜಾರು ಮಾಡ್ಕೋಬೇಡಿ, ಹುಟ್ಟಿದಾಗಿಂದ ಚರ್ಚಿಗೆ ಹೋಗೋರಲ್ಲೂ ಎಷ್ಟೋ ಜನ ಪ್ರತಿ ಜನವರಿ ಶುರು ಮಾಡಿ ನೀವಿರೋ ಜಾಗದಲ್ಲೇ ಗಾಡಿ ನಿಲ್ಲಿಸ್ತಾರೆ. ನಾನೂ ನಿಲ್ಲಿಸಿದೀನಿ. ತಪ್ಪು ನಿಮ್ಮದಲ್ಲ, ಮೊದಲನೇ ಪುಟದಿಂದ ಕೊನೇ ಪುಟದ ತನಕ ಒಂದೇ ಕಥೆ ಹೋಗತ್ತೆ ಅನ್ನೋ ಅಂದಾಜಿನದು.

ಅಜ್ಜಿ ಮನೆ ಟ್ರಂಕ್ ನೆನಪಿಸ್ಕೊಳ್ಳಿ. ಜಮೀನಿನ ಪತ್ರ ಎಲ್ಲಾ ಒಂದು ಕಟ್ಟು, ಜಾತಕಗಳು ಒಂದು ಕಟ್ಟು, ದೂರದೂರಿಂದ ಬಂದ ಕಾಗದ ಇನ್ನೊಂದು ಕಟ್ಟು, ಹಾಡಿನ ಪುಸ್ತಕ ಬೇರೆ. ಮುತ್ತಾತನ ಕಾಲದ ಕ್ರಯಪತ್ರದ ಕೆಳಗೆ ಹೋದ ವರ್ಷದ ಕಂದಾಯದ ರಸೀದಿ ಇರತ್ತೆ, ಯಾಕಂದ್ರೆ ಜೋಡಿಸಿದ್ದು ತಾರೀಖು ನೋಡಿ ಅಲ್ಲ, ಜಾತಿ ನೋಡಿ, ಅಂದ್ರೆ ಅದು ಯಾವ ಥರದ ಬರಹ ಅಂತ ನೋಡಿ. ಬೈಬಲ್ ಜೋಡಿಸಿರೋದೂ ಹೆಚ್ಚುಕಮ್ಮಿ ಹಾಗೇ. ಬೈಬಲ್ ಅನ್ನೋ ಹೆಸರು ಬಂದಿದ್ದೇ ಗ್ರೀಕಿನ 'ಬಿಬ್ಲಿಯ'ದಿಂದ, ಅದು ಬಹುವಚನ, ಪುಸ್ತಕಗಳು ಅಂತ.

ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಮಗ್ಗಿ ಥರ ಬಾಯಿಪಾಠ ಮಾಡಿಸ್ತಿದ್ವಿ: ಹಳೆಯ ಒಡಂಬಡಿಕೆ, ಅಂದ್ರೆ ಯೇಸುವಿಗೆ ಮುಂಚಿನ ಭಾಗ, 5, 12, 5, 5, 12. ಮೊದಲ 5 ಮೋಶೆಯ ಹೆಸರಿನ ಪುಸ್ತಕಗಳು, ಆದಿಕಾಂಡದಿಂದ ಧರ್ಮೋಪದೇಶಕಾಂಡದ ತನಕ. ಆಮೇಲಿನ 12 ಇತಿಹಾಸ, ಯೆಹೋಶುವದಿಂದ ಎಸ್ತೇರಳ ತನಕ. ಆಮೇಲೆ 5 ಕಾವ್ಯ, ಅಂದ್ರೆ ಯೋಬ, ಕೀರ್ತನೆಗಳು, ಜ್ಞಾನೋಕ್ತಿಗಳು, ಪ್ರಸಂಗಿ, ಪರಮಗೀತ. ಆಮೇಲೆ ದೊಡ್ಡ ಪ್ರವಾದಿಗಳು 5 ಪುಸ್ತಕ, ಚಿಕ್ಕ ಪ್ರವಾದಿಗಳು 12. ಒಟ್ಟು 39. ದೊಡ್ಡ ಚಿಕ್ಕ ಅಂದ್ರೆ ಘನತೆಯಲ್ಲಿ ಅಲ್ಲ ಮತ್ತೆ, ಪುಟದ ಲೆಕ್ಕ ಅಷ್ಟೇ: ಯೆಶಾಯನದು 66 ಅಧ್ಯಾಯ, ಓಬದ್ಯನದು ಒಂದೇ ಅಧ್ಯಾಯ, 21 ವಚನ. ಈ ಹನ್ನೆರಡು ಚಿಕ್ಕವನ್ನ ಯೆಹೂದ್ಯರು ಒಂದೇ ಸುರುಳಿಯಲ್ಲಿ ಬರೆದು ಒಂದೇ ಪುಸ್ತಕ ಅಂತ ಲೆಕ್ಕ ಹಿಡೀತಾರೆ.

ಈಗ ನೀವು ಸಿಕ್ಕಿಹಾಕಿಕೊಂಡ ಐದಕ್ಕೆ ಬರೋಣ. ಇದಕ್ಕೆ ಹೀಬ್ರೂನಲ್ಲಿ ತೋರಾ ಅಂತಾರೆ. ಧರ್ಮಶಾಸ್ತ್ರ, ಕಾನೂನು ಅಂತೆಲ್ಲ ಅನುವಾದ ಮಾಡ್ತಾರೆ, ಆದ್ರೆ ಆ ಪದದ ಮೂಲ ಅರ್ಥ ಬೋಧನೆ, ಮನೇಲಿ ದೊಡ್ಡವರು ಹೇಳಿಕೊಡೋ ಥರದ್ದು. ಹಾಗಾಗಿ ಒಳಗೆ ಎಲ್ಲಾ ಇದೆ, ಕಥೆ ಹೇಳ್ತಾ ಹೇಳ್ತಾ ಕಟ್ಟಳೆ, ಕಟ್ಟಳೆ ಮಧ್ಯೆ ವಂಶಾವಳಿ, ಅದರ ಮಧ್ಯೆ ಒಂದು ಹಾಡು, ಮತ್ತೆ ಕಥೆ. ನಿಮ್ಮ ಮೂರು ಪ್ರಶ್ನೆಗೂ ಹೌದು ಅಂತಲೇ ಉತ್ತರ. ಗುಡಾರದ ಅಳತೆ ಬೋರ್ ಹೊಡೆಸಿದ್ದು ಸರಿ, ಆದ್ರೆ ಒಂದು ಗಮನಿಸಿದ್ರಾ? ವಿಮೋಚನಕಾಂಡ 25ರಿಂದ 31ನೇ ಅಧ್ಯಾಯದ ತನಕ ದೇವರು ಹೇಳೋದು, ಮಂಜೂಷ, ಅಂದ್ರೆ ಪವಿತ್ರ ಪೆಟ್ಟಿಗೆ, ಜಾಲೀಮರದ್ದಾಗಿರಲಿ, ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ, ಎತ್ತರ ಒಂದೂವರೆ, ಹೀಗೆ. 35ರಿಂದ ಮತ್ತೆ ಅದೇ ಮರ ಅದೇ ಮೊಳ, ಈ ಸಲ ಜನ ಮಾಡಿದ್ದು. ಅರೆ, ಪ್ರಿಂಟಿಂಗ್ ತಪ್ಪಾ ಅನ್ಸತ್ತೆ. ಆದ್ರೆ ನಡುವಿನ 32ರಿಂದ 34ರಲ್ಲಿ ಏನಿದೆ ನೋಡಿ, ಬೆಟ್ಟದ ಕೆಳಗೆ ಜನ ಬಂಗಾರದ ಬಸವನನ್ನ ಮಾಡಿ ಕುಣಿದಿದ್ದು, ಮೋಶೆ ಕೋಪಕ್ಕೆ ದೇವರ ಆಜ್ಞೆ ಬರೆದ ಕಲ್ಲಿನ ಹಲಗೆ ಒಡೆದಿದ್ದು. ಅಂದ್ರೆ ಹೇಳಿದ್ದು ಒಂದು, ನಡುವೆ ಮಾತು ಮುರಿದಿದ್ದು ಒಂದು, ಮುರಿದ ಮೇಲೂ ಹೇಳಿದ ಮೊಳಕ್ಕೆ ಮೊಳ ಸರಿಯಾಗಿ ಕಟ್ಟಿದ್ದು ಇನ್ನೊಂದು. ಪಟ್ಟಿಯೇ ಅಲ್ಲಿ ಕಥೆ ಹೇಳ್ತಿದೆ. ಇದು ಗೊತ್ತಾದ ಮೇಲೂ ಕೊಂಡಿಗಳ ಲೆಕ್ಕ ಬೋರೇ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಕೋಪ ಬರಲ್ಲ.

ಹತ್ತು ಆಜ್ಞೆಗಳೂ ಎರಡು ಕಡೆ ಬರ್ತವೆ, ವಿಮೋಚನಕಾಂಡ 20 ಮತ್ತು ಧರ್ಮೋಪದೇಶಕಾಂಡ 5. ಎರಡನ್ನೂ ಅಕ್ಕಪಕ್ಕ ಇಟ್ಟು ಸಬ್ಬತ್ ದಿನದ ಆಜ್ಞೆ ಮಾತ್ರ ಓದಿ. ಮೊದಲನೇ ಕಡೆ ಏಳನೇ ದಿನ ರಜೆ ಯಾಕೆ ಅಂದ್ರೆ ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ್ದಕ್ಕೆ. ಎರಡನೇ ಕಡೆ ಕಾರಣವೇ ಬೇರೆ, ನೀನು ಐಗುಪ್ತದಲ್ಲಿ (ಈಜಿಪ್ಟಲ್ಲಿ) ದಾಸನಾಗಿದ್ದೆ ನೆನಪಿಟ್ಕೋ, ಹಾಗಾಗಿ ನಿನ್ನ ಆಳು ನಿನ್ನ ದಾಸಿ ಕೂಡ ನಿನ್ನ ಹಾಗೇ ವಿಶ್ರಮಿಸಲಿ ಅಂತ. ನನಗೆ ಎರಡನೇದು ಇಷ್ಟ.

ಇನ್ನೊಂದು, ಕನ್ನಡದವರಿಗೆ ಮಾತ್ರ ಸಿಗೋ ಮಜಾ. ನಾಲ್ಕನೇ ಪುಸ್ತಕಕ್ಕೆ ಇಂಗ್ಲಿಷಲ್ಲಿ ನಂಬರ್ಸ್ ಅಂತಾರೆ, ಅದರಲ್ಲಿ ಜನಗಣತಿ ಇರೋದಕ್ಕೆ. ಹೀಬ್ರೂನಲ್ಲಿ ಅದರ ಹೆಸರು ಬೆಮಿದ್ಬಾರ್, ಅಂದ್ರೆ ಅರಣ್ಯದಲ್ಲಿ, ಬೆಂಗಾಡಿನಲ್ಲಿ ಅಂತ. ನಮ್ಮ ಕನ್ನಡ ಸತ್ಯವೇದದಲ್ಲಿ ಅರಣ್ಯಕಾಂಡ ಅಂತಲೇ ಇದೆ! ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು 1831ರ ಹೊತ್ತಿಗೆ ಪೂರ್ತಿ ಬೈಬಲನ್ನ ಕನ್ನಡಕ್ಕೆ ತಂದ್ರು, ಆಮೇಲೆ ಎಷ್ಟೋ ಸಲ ತಿದ್ದಿದಾರೆ. ಈ 'ಕಾಂಡ' ಯಾರ ಕೈಯಲ್ಲಿ ಬಂತೋ ಏನೋ, ಅವರ ಕಿವೀಲಿ ರಾಮಾಯಣ ಇದ್ದೇ ಇತ್ತು ಅನ್ಸತ್ತೆ ನನಗೆ.

ಪ್ರಶ್ನೆ: ಅರಸುಗಳ ಕಥೆ ಒಂದು ಸಲ ಓದಿ ಮುಗಿಸಿದ್ದೆ, ಮುಂದಿನ ಪುಸ್ತಕದಲ್ಲಿ ಮತ್ತೆ ಅದೇ ಅರಸರು! ಯಾಕೆ ಎರಡು ಸಲ? (ಕಾಲೇಜು ವಿದ್ಯಾರ್ಥಿನಿ, ಹಾಸನ)

ಉತ್ತರ: ಪುಟ್ಟಾ, ನೀನು ಹೇಳ್ತಿರೋದು ಸಮುವೇಲ, ಅರಸುಗಳು ಒಂದು ಕಡೆ, ಪೂರ್ವಕಾಲವೃತ್ತಾಂತ ಇನ್ನೊಂದು ಕಡೆ. ಒಂದೇ ಮನೆತನದ ಬಗ್ಗೆ ಇಬ್ಬರು ಹೇಳೋದು ಕೇಳಿದ ಹಾಗೆ. ಹತ್ತಿರದಿಂದ ತೋರಿಸ್ತೀನಿ. 2 ಸಮುವೇಲ 11, ಅಂದ್ರೆ ಸಮುವೇಲ ಎರಡನೇ ಪುಸ್ತಕದ 11ನೇ ಅಧ್ಯಾಯ ತೆಗಿ: ಯುದ್ಧದ ಕಾಲ, ಅರಸ ದಾವೀದ ಸೇನಾಪತಿ ಯೋವಾಬನನ್ನ ಕಳಿಸಿ ತಾನು ಯೆರೂಸಲೇಮಲ್ಲೇ ಉಳಿದ, ಸಂಜೆ ಮಾಳಿಗೆ ಮೇಲೆ ತಿರುಗಾಡ್ತಾ ಬತ್ಷೆಬೆಯನ್ನ ನೋಡಿದ, ಅಲ್ಲಿಂದ ವ್ಯಭಿಚಾರ, ಅವಳ ಗಂಡ ಊರೀಯನ ಕೊಲೆ, ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳಿದ್ದು. ಈಗ 1 ಪೂರ್ವಕಾಲವೃತ್ತಾಂತ 20 ತೆಗಿ. ಯುದ್ಧದ ಕಾಲ, ಯೋವಾಬ ಹೋದ, ದಾವೀದ ಯೆರೂಸಲೇಮಲ್ಲೇ ಉಳಿದ. ಯೋವಾಬ ರಬ್ಬಾ ಪಟ್ಟಣ ಗೆದ್ದ. ಮುಗೀತು. ಮಾಳಿಗೆಯೂ ಇಲ್ಲ, ಊರೀಯನ ಕೊಲೆಯೂ ಇಲ್ಲ! ಒಂದೇ ವಚನದಲ್ಲಿ ಪೂರ್ತಿ ಹಗರಣ ಹಾರಿ ಹೋಗಿದೆ.

ಮೊದಲನೆಯವನು ಕೇಳ್ತಿರೋದು ರಾಜ್ಯ ಯಾಕೆ ಹಾಳಾಯ್ತು ಅಂತ. ಎರಡನೆಯವನು ಬರೆಯೋ ಹೊತ್ತಿಗೆ ರಾಜ್ಯ ಹಾಳಾಗಿ, ಜನ ಬಾಬೆಲಿಗೆ ಸೆರೆ ಹೋಗಿ, ಕೆಲವರು ವಾಪಸ್ ಬಂದೂ ಆಗಿದೆ. ಅವನಿಗೆ ಬೇಕಾಗಿರೋದು ದೇವಾಲಯ, ಗಾಯಕರು, ಯಾಜಕರ ಸರದಿ, ವಂಶಾವಳಿ. ವಂಶಾವಳಿನೇ ಒಂಬತ್ತು ಅಧ್ಯಾಯ ಇದೆ, ನೋಡಿಕೊಂಡು ಕೈ ಹಾಕು. ಎರಡನ್ನೂ ಉಳಿಸ್ಕೊಂಡರಲ್ಲ, ಕೆಟ್ಟದ್ದಿರೋ ಪ್ರತಿಯನ್ನ ಸುಟ್ಟು ಚೆನ್ನಾಗಿರೋದನ್ನ ಮಾತ್ರ ಇಟ್ಕೊಳ್ಳಲಿಲ್ಲವಲ್ಲ, ಅದು ನನಗೆ ದೊಡ್ಡ ವಿಷಯ.

ಪ್ರಶ್ನೆ: ನಮ್ಮ ಪ್ರೊಟೆಸ್ಟೆಂಟ್ ಬೈಬಲಲ್ಲಿ 66 ಪುಸ್ತಕ, ಕ್ಯಾಥೊಲಿಕ್ ಫ್ರೆಂಡ್ ಹತ್ರ ಇರೋದ್ರಲ್ಲಿ 73. ಯಾರು ಸೇರಿಸಿದ್ದು, ಯಾರು ಕಿತ್ತಿದ್ದು? ಇಬ್ಬರಿಗೂ ಜಗಳ ಆಗಿ ನಿಮ್ಮ ಹತ್ರ ಬಂದಿದೀವಿ. (ಶಿವಮೊಗ್ಗ)

ಉತ್ತರ: ಜಗಳಕ್ಕೆ ನಾನು ಬರಲ್ಲ, ಲೆಕ್ಕ ಹೇಳ್ತೀನಿ. ಹೊಸ ಒಡಂಬಡಿಕೆ, ಅಂದ್ರೆ ಯೇಸುವಿನಿಂದ ಮುಂದಿನ ಭಾಗ, ಇಬ್ಬರದೂ 27, ಅದ್ರಲ್ಲಿ ತಕರಾರಿಲ್ಲ. ಈ 27ರ ಪಟ್ಟಿ ಇವತ್ತಿರೋ ಹಾಗೇ ನಮಗೆ ಸಿಗೋದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ವ್ಯತ್ಯಾಸ ಇರೋದು ಹಳೆಯ ಒಡಂಬಡಿಕೇಲಿ, ತೋಬಿತ, ಯೂದಿತ, ಮಕ್ಕಬಿಯರದ್ದು ಎರಡು, ಸುಜ್ಞಾನ, ಸಿರಾಖ, ಬಾರೂಕ, ಈ ಏಳು. ಜೊತೆಗೆ ಎಸ್ತೇರಳು ಮತ್ತು ದಾನಿಯೇಲದಲ್ಲಿ ಒಂದಿಷ್ಟು ಹೆಚ್ಚಿನ ಭಾಗ. ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಯೆಹೂದ್ಯರು ತಮ್ಮ ಗ್ರಂಥಗಳನ್ನ ಗ್ರೀಕಿಗೆ ತಂದುಕೊಂಡ್ರು, ಆ ಗ್ರೀಕ್ ಕಟ್ಟಿನ ಜೊತೆ ಈ ಪುಸ್ತಕಗಳು ಓಡಾಡ್ತಿದ್ವು. ಮೊದಮೊದಲ ಕ್ರೈಸ್ತರು ಹೆಚ್ಚಾಗಿ ಓದಿದ್ದು ಗ್ರೀಕೇ. ಆದ್ರೆ ಹೀಬ್ರೂ ಪಟ್ಟಿಯಲ್ಲಿ ಇವು ಇರ್ಲಿಲ್ಲ. ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಮಾರ್ಟಿನ್ ಲೂಥರ್ 1534ರ ತನ್ನ ಜರ್ಮನ್ ಬೈಬಲಲ್ಲಿ ಇವನ್ನ ಬಿಸಾಕಲಿಲ್ಲ, ತೆಗೆದು ಎರಡು ಒಡಂಬಡಿಕೆ ನಡುವೆ ಬೇರೆ ಇಟ್ಟ, ಓದೋದಕ್ಕೆ ಒಳ್ಳೇದು, ಆದ್ರೆ ಸಮಾನ ಅಲ್ಲ ಅಂತ. 1546ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಟ್ರೆಂಟ್ ಸಭೆ, ಇಲ್ಲ, ಅವೂ ಸಮಾನವೇ ಅಂತ ಗಟ್ಟಿ ಮಾಡ್ತು. ಆಮೇಲಾಮೇಲೆ ಪ್ರೊಟೆಸ್ಟೆಂಟ್ ಮುದ್ರಣಗಳಲ್ಲಿ ನಡುವಿನ ಆ ಕಟ್ಟೇ ಕಾಣೆಯಾಯ್ತು. ಕ್ಯಾಥೊಲಿಕ್ ಬೈಬಲಲ್ಲಿ ಅವನ್ನ ಕೊನೇಲಿ ಗುಡ್ಡೆ ಹಾಕಿಲ್ಲ, ಜಾತಿ ನೋಡಿ ಆಯಾ ಸಾಲಲ್ಲೇ ಕೂರಿಸಿದಾರೆ, ತೋಬಿತ ಇತಿಹಾಸದ ಸಾಲಲ್ಲಿ, ಸಿರಾಖ ಜ್ಞಾನದ ಸಾಲಲ್ಲಿ, ಬಾರೂಕ ಯೆರೆಮೀಯನ ಪಕ್ಕ. ನಿಮ್ಮ ಫ್ರೆಂಡ್ ಹತ್ರ ಸಿರಾಖ ಇಸ್ಕೊಂಡು ಓದಿ, ಚೆನ್ನಾಗಿದೆ.

ಮೂರನೇ ಲೆಕ್ಕವೂ ಒಂದಿದೆ. ಯೆಹೂದ್ಯರ ಪ್ರಕಾರ ಪುಸ್ತಕ 24, ಆದ್ರೆ ಒಳಗಿರೋ ಬರಹ ಪ್ರೊಟೆಸ್ಟೆಂಟರ 39ರದ್ದೇ, ಎಣಿಸೋ ರೀತಿ ಬೇರೆ. ಅವರದು ಮೂರೇ ಕಟ್ಟು, ತೋರಾ 5, ಪ್ರವಾದಿಗಳು 8, ಬರಹಗಳು 11. ನಾವು ಇತಿಹಾಸ ಅನ್ನೋ ಯೆಹೋಶುವ, ಸಮುವೇಲ, ಅರಸುಗಳು ಅವರಿಗೆ ಪ್ರವಾದಿಗಳ ಕಟ್ಟು! ನಾವು ಪ್ರವಾದಿ ಅನ್ನೋ ದಾನಿಯೇಲ ಅವರಿಗೆ ಬರಹಗಳ ಕಟ್ಟು.

ಜೋಡಣೆ ಬದಲಾದ್ರೆ ಕೊನೇ ಪುಟ ಬದಲಾಗತ್ತೆ ನೋಡಿ. ಅವರ ಕಟ್ಟು ಮುಗಿಯೋದು ಪೂರ್ವಕಾಲವೃತ್ತಾಂತದಿಂದ, ಪಾರಸಿಯ ಅರಸ ಕೋರೆಷ ಸೆರೆಯಲ್ಲಿದ್ದವರಿಗೆ ಯೆರೂಸಲೇಮಿಗೆ ಹೊರಡಿ ಅನ್ನೋ ಮಾತಿನಿಂದ. ಊರಿಗೆ ಹೋಗೋದು ಅಲ್ಲಿ ಕೊನೇ ಮಾತು. ಕ್ರೈಸ್ತರ ಹಳೆಯ ಒಡಂಬಡಿಕೆ ಮುಗಿಯೋದು ಮಲಾಕಿಯಿಂದ, ಹಳೇ ಕಾಲದ ಪ್ರವಾದಿ ಎಲೀಯನನ್ನ ಕಳಿಸ್ತೀನಿ ಅನ್ನೋ ಮಾತಿನಿಂದ. ಪುಟ ತಿರುಗಿಸಿದ್ರೆ ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯ, ಎರಡು ಅಧ್ಯಾಯ ದಾಟಿದ್ರೆ ಒಂಟೆ ಕೂದಲಿನ ಉಡುಪು ಹಾಕ್ಕೊಂಡ ಯೇಸುವಿಗೆ ದಾರಿ ಸಿದ್ಧ ಮಾಡಿದ ಸ್ನಾನಿಕ ಯೋಹಾನ ಬಂದು ನಿಂತಿರ್ತಾನೆ, ಥೇಟ್ ಎಲೀಯನ ವೇಷ. ಬರಹ ಅದೇ, ಸಾಲು ಬದಲಾಯಿಸಿದ್ದಕ್ಕೆ ಕಥೆ ಬೇರೆ ಕಡೆ ಮುಖ ಮಾಡತ್ತೆ.

ಪ್ರಶ್ನೆ: ಜ್ಞಾನೋಕ್ತಿ 26ರಲ್ಲಿ 4ನೇ ವಚನ ಮೂಢನಿಗೆ ಉತ್ತರ ಕೊಡಬೇಡ ಅನ್ನತ್ತೆ, 5ನೇದು ಕೊಡು ಅನ್ನತ್ತೆ. ಯಾವುದು ದೇವರ ಮಾತು? (ದಾವಣಗೆರೆ)

ಉತ್ತರ: ಎರಡೂ ಗಾದೆ ಸ್ವಾಮಿ. ನಮ್ಮಲ್ಲಿ ಮಾತು ಬೆಳ್ಳಿ ಮೌನ ಬಂಗಾರ ಅಂತಾರೆ, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಲೂ ಅಂತಾರೆ, ನಾವೇನು ಕೋರ್ಟಿಗೆ ಹೋಗ್ತೀವಾ? ಅವನ ಮಟ್ಟಕ್ಕೆ ಇಳೀತೀಯ, ಹಾಗಾಗಿ ಸುಮ್ಮನಿರು ಅನ್ನೋದು ಒಂದು, ಸುಮ್ಮನಿದ್ರೆ ತಾನೇ ಜಾಣ ಅಂದ್ಕೊಳ್ತಾನೆ, ಹಾಗಾಗಿ ಹೇಳು ಅನ್ನೋದು ಇನ್ನೊಂದು. ಅಕ್ಕಪಕ್ಕ ಇಟ್ಟಿರೋದೇ ಬೇಕು ಅಂತ. ಇವತ್ತು ಎದುರಿಗಿರೋ ಮೂಢ ಯಾವ ಥರದವನು ಅಂತ ನೋಡ್ಕೊಳ್ಳೋದು ನಮ್ಮ ಕೆಲಸ. ಗಾದೆನ ಕಾನೂನಿನ ಸೆಕ್ಷನ್ ಥರ ಓದಿದ್ರೆ ಮಾತ್ರ ತೊಂದ್ರೆ.

ಕೀರ್ತನೆಗಳನ್ನೂ ಹಾಗೇ ಹಾಡು ಅಂತಲೇ ಓದಬೇಕು. 150 ಹಾಡು, ಒಳಗೆ ಐದು ಭಾಗ ಮಾಡಿದಾರೆ, ಐದು ತೋರಾ ಪುಸ್ತಕಕ್ಕೆ ಜೋಡಿ ಅನ್ನೋ ಹಾಗೆ. 72ನೇ ಕೀರ್ತನೆ ಕೊನೇಲಿ ದಾವೀದನ ಪ್ರಾರ್ಥನೆಗಳು ಮುಗಿದವು ಅಂತ ಬರೆದಿದೆ, ಆದ್ರೆ ಮುಂದೆ 86, 103, 110 ಇನ್ನೂ ದಾವೀದನ ಹೆಸರಲ್ಲೇ ಇವೆ, ಅಂದ್ರೆ ಅದು ಹಳೇ ಒಂದು ಸಂಗ್ರಹದ ಕೊನೇ ಪುಟ, ದೊಡ್ಡ ಸಂಗ್ರಹದೊಳಗೆ ಹಾಗೇ ಉಳ್ಕೊಂಡಿದೆ. ನಮ್ಮ ದಾಸರ ಪದದ ಪುಸ್ತಕದಲ್ಲಿ ಮೇಲೆ ರಾಗ ತಾಳ ಹಾಕಿರ್ತಾರಲ್ಲ, 22ನೇ ಕೀರ್ತನೆಯ ಮೇಲೂ ಹಾಗೇ ಒಂದು ಮಾತಿದೆ, ಮುಂಜಾವಿನ ಜಿಂಕೆ ಅಂತ ಅದರ ಅರ್ಥ. ಅದು ಹಾಡೋ ಮಟ್ಟಿನ ಹೆಸರು ಅಂತ ಹೆಚ್ಚಿನವರು ಹೇಳ್ತಾರೆ. ಆ ಮಟ್ಟು ಈಗ ಯಾರಿಗೂ ಗೊತ್ತಿಲ್ಲ, ಹೆಸರು ಮಾತ್ರ ಉಳಿದಿದೆ.

ಪ್ರಶ್ನೆ: ಮೀನಿನ ಹೊಟ್ಟೇಲಿದ್ದ ಯೋನನ ಕಥೆ ಪ್ರವಾದಿಗಳ ಸಾಲಲ್ಲಿ ಯಾಕಿದೆ? ಪ್ರವಾದನೆಯೇ ಕಾಣಲ್ಲ. (ಮೈಸೂರು)

ಉತ್ತರ: ಒಂದೇ ಒಂದು ವಾಕ್ಯ ಇದೆ, ಇನ್ನು ನಲವತ್ತು ದಿನಕ್ಕೆ ನಿನೆವೆ ಹಾಳಾಗತ್ತೆ ಅಂತ. ಹೀಬ್ರೂನಲ್ಲಿ ಐದೇ ಪದ. ಅದೂ ನಿಜವಾಗಲಿಲ್ಲ, ಯಾಕಂದ್ರೆ ಊರಿನವರು ಪಶ್ಚಾತ್ತಾಪಪಟ್ರು, ಯೋನ ಮುಖ ಊದಿಸ್ಕೊಂಡು ಕೂತ. ಬೇರೆ ಪ್ರವಾದಿಗಳದು ಹೆಚ್ಚಾಗಿ ಅವರ ಮಾತಿನ ಸಂಗ್ರಹ, ಇದು ಪ್ರವಾದಿಯ ಮೇಲೆ ಹೇಳಿದ ಕಥೆ, ಒಳಗೆ ಸಣ್ಣ ನಗೆಯೂ ಇದೆ. ಕೊನೇ ವಾಕ್ಯ ದೇವರು ಕೇಳೋ ಪ್ರಶ್ನೆ, ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇರೋ ಊರಿನ ಮೇಲೆ ನಾನು ಕನಿಕರ ಪಡಬಾರದಾ, ಜೊತೆಗೆ ಬಹಳ ದನಕರುಗಳೂ ಇವೆಯಲ್ಲ ಅಂತ. ಉತ್ತರ ಇಲ್ಲದೇ ಪುಸ್ತಕ ಮುಗೀತು.

ಪ್ರಶ್ನೆ: ಗೆಳೆಯನ ಮದುವೆಗೆ ಚರ್ಚಿಗೆ ಹೋಗಿದ್ದೆ. ಮೊದಲ ಪಾಠ ಓದುವಾಗ ಎಲ್ಲರೂ ಕೂತಿದ್ರು, ಕೊನೇದಕ್ಕೆ ಎದ್ದು ನಿಂತ್ರು. ನಾನೊಬ್ಬನೇ ಕೂತಿದ್ದೆ, ಮುಜುಗರ ಆಯ್ತು. ಯಾಕೆ ಹಾಗೆ? ಮತ್ತೆ ಒಂದೇ ಯೇಸುವಿನ ಕಥೆ ನಾಲ್ಕು ಸಲ ಯಾಕೆ? (ಬೆಂಗಳೂರು)

ಉತ್ತರ: ಮುಜುಗರ ಬೇಡ, ಎಲ್ಲರಿಗೂ ಮೊದಲ ಸಲ ಆಗತ್ತೆ. ನೀವು ಹೋಗಿದ್ದು ಕ್ಯಾಥೊಲಿಕ್ ಚರ್ಚ್ ಇರಬೇಕು. ಅವರ ಪೂಜೆಯಲ್ಲಿ ಓದೋ ಕ್ರಮದಲ್ಲೇ ಈ ಜಾತಿಗಳು ಗೊತ್ತಾಗತ್ತೆ, ಸಾಮಾನ್ಯವಾಗಿ ಮೊದಲು ಹಳೆಯ ಒಡಂಬಡಿಕೆ, ಆಮೇಲೆ ಕೀರ್ತನೆ, ಅದನ್ನ ಓದಲ್ಲ, ಜನ ಪಲ್ಲವಿ ಹಿಡಿದು ಹಾಡ್ತಾರೆ, ಆಮೇಲೆ ಪತ್ರ, ಕೊನೇಲಿ ಶುಭಸಂದೇಶ. ಶುಭಸಂದೇಶ ಯೇಸುವಿನ ಮಾತು ಮತ್ತು ಬದುಕು, ಅದಕ್ಕೆ ನಿಲ್ಲೋದು. ನಾವು ಪ್ರೊಟೆಸ್ಟೆಂಟರು ಅದಕ್ಕೇ ಸುವಾರ್ತೆ ಅಂತೀವಿ. ಭಾನುವಾರಗಳಿಗೆ ಮೂರು ವರ್ಷದ ಸುತ್ತು ಇಟ್ಕೊಂಡಿದಾರೆ, ನಾಲ್ಕು ಸುವಾರ್ತೆಗಳಲ್ಲಿ ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೋಹಾನ (ಸ್ನಾನಿಕ ಅಲ್ಲ, ಬೇರೆ) ಅಲ್ಲಲ್ಲಿ, ಮುಖ್ಯವಾಗಿ ಈಸ್ಟರ್ ಆಸುಪಾಸು.

ನಾಲ್ಕು ಯಾಕೆ ಅಂದ್ರಲ್ಲ, ಶುರುವಿನ ಸಾಲುಗಳನ್ನ ನೋಡಿದ್ರೆ ಸಾಕು. ಮತ್ತಾಯ ವಂಶಾವಳಿಯಿಂದ ಶುರು ಮಾಡ್ತಾನೆ, ಅಬ್ರಹಾಮನಿಂದ ಹದಿನಾಲ್ಕು ಹದಿನಾಲ್ಕು ತಲೆಮಾರು ಮೂರು ಸಲ, ಅವನ ಓದುಗರಿಗೆ ಕುಲ ಗೊತ್ತಾಗಬೇಕು. ಮಾರ್ಕನಿಗೆ ಅಷ್ಟು ಪುರುಸೊತ್ತಿಲ್ಲ, ಹುಟ್ಟಿದ ಕಥೆಯೂ ಇಲ್ಲ, ಸೀದಾ ಯೊರ್ದನ್ ಹೊಳೆ ದಂಡೆಗೆ. 16 ಅಧ್ಯಾಯದಲ್ಲಿ ಮುಗಿಸ್ತಾನೆ, 'ಕೂಡಲೇ' 'ಕೂಡಲೇ' ಅಂತ ಓಡ್ತಾನೇ ಇರ್ತಾನೆ. ಲೂಕ ಪುಸ್ತಕ ಬರೆಯೋರ ಥರ ಮುನ್ನುಡಿ ಹಾಕ್ತಾನೆ, ಥೆಯೊಫಿಲ ಅನ್ನೋ ದೊಡ್ಡವರಿಗೆ, ಎಲ್ಲಾ ಮೊದಲಿಂದ ವಿಚಾರಿಸಿ ಬರೀತಿದೀನಿ ಅಂತ. ಅವನ ವಂಶಾವಳಿ ಅಬ್ರಹಾಮನ ಹತ್ರ ನಿಲ್ಲಲ್ಲ, ಆದಾಮನ ತನಕ ಹೋಗತ್ತೆ. ಯೋಹಾನನದು 'ಆದಿಯಲ್ಲಿ ವಾಕ್ಯವಿತ್ತು', ಆದಿಕಾಂಡದ ಮೊದಲ ಪದವನ್ನೇ ಎತ್ಕೊಂಡು ಸೃಷ್ಟಿಗೂ ಹಿಂದೆ ಹೋಗ್ತಾನೆ.

ನಾಲ್ಕನ್ನೂ ಕಲಸಿ ಒಂದು ಮಾಡೋ ಪ್ರಯತ್ನ ನಡೆದಿಲ್ಲ ಅಂತಲ್ಲ. ಎರಡನೇ ಶತಮಾನದಲ್ಲಿ ಟೇಷಿಯನ್ ಅನ್ನೋರು ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿದ್ರು, ಸಿರಿಯಾದ ಚರ್ಚುಗಳಲ್ಲಿ ಅದೇ ಬಹಳ ಕಾಲ ಓಡ್ತು. ಐದನೇ ಶತಮಾನದಲ್ಲಿ ಅಲ್ಲಿನ ಬಿಷಪ್ ಥಿಯೊಡೊರೆಟ್ ತಮ್ಮ ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರತಿ ವಾಪಸ್ ತಗೊಂಡು ಬದಲಿಗೆ ನಾಲ್ಕು ಬೇರೆ ಬೇರೆ ಸುವಾರ್ತೆ ಕೊಟ್ಟೆ ಅಂತ ಬರೆದಿಟ್ಟಿದಾರೆ. ಜನಕ್ಕೆ ಒಂದೇ ಕಥೆ ಸುಲಭ ಆಗಿತ್ತೇನೋ ಪಾಪ, ಆದ್ರೂ ನಾಲ್ಕು ದನಿಯೇ ಉಳೀತು.

ಒಂದು ವಿಚಿತ್ರ ಹೇಳ್ತೀನಿ. ಯೇಸುವಿನ ಶಿಷ್ಯರ ಮುಂದಿನ ಕಥೆ ಹೇಳೋ ಅಪೊಸ್ತಲರ ಕೃತ್ಯಗಳು ಲೂಕನದೇ ಎರಡನೇ ಭಾಗ, ಅದೇ ಥೆಯೊಫಿಲನಿಗೆ, ಮೊದಲನೇ ಪುಸ್ತಕದಲ್ಲಿ ಹೇಳಿದೆನಲ್ಲ ಅಂತಲೇ ಶುರು. ಆದ್ರೆ ಮಧ್ಯೆ ಯೋಹಾನ ಕೂತಿದಾನೆ! ಸುವಾರ್ತೆ ನಾಲ್ಕೂ ಒಟ್ಟಿಗಿರಬೇಕು ಅಂತ ಜಾತಿ ನೋಡಿ ಜೋಡಿಸಿದ್ದಕ್ಕೆ ಒಬ್ಬನೇ ಬರೆದ ಎರಡು ಭಾಗ ಬೇರೆ ಬೇರೆ ಆದವು.

ಪ್ರಶ್ನೆ: ಹೊಸ ಒಡಂಬಡಿಕೇಲಿ ಇಷ್ಟೊಂದು ಪತ್ರ ಯಾಕೆ? ಬೇರೆಯವರ ಕಾಗದ ಕದ್ದು ಓದಿದ ಹಾಗಾಗತ್ತೆ. (ಧಾರವಾಡ)

ಉತ್ತರ: ನಿಜವಾಗ್ಲೂ ಹಾಗೇ. 27ರಲ್ಲಿ 21 ಪತ್ರ, ಅದ್ರಲ್ಲಿ 13, ಊರೂರು ಸುತ್ತಿ ಯೇಸುವಿನ ಸುದ್ದಿ ಸಾರಿದ ಪೌಲನ ಹೆಸರಲ್ಲಿವೆ. ಎಲ್ಲವನ್ನೂ ಪೌಲನೇ ಬರೆದಿದ್ದಾ ಅನ್ನೋದ್ರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಜೋಡಿಸಿರೋದು ತಾರೀಖಿನ ಮೇಲೆ ಅಲ್ಲ ಅಂತ ಇಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗತ್ತೆ, ಮೊದಲು ಸಭೆಗಳಿಗೆ, ಅಂದ್ರೆ ಊರೂರಿನ ಕ್ರೈಸ್ತರ ಗುಂಪುಗಳಿಗೆ, ಬರೆದವು, ಆಮೇಲೆ ವ್ಯಕ್ತಿಗಳಿಗೆ, ಎರಡರಲ್ಲೂ ಹೆಚ್ಚುಕಮ್ಮಿ ಉದ್ದದ್ದು ಮುಂದೆ ಚಿಕ್ಕದ್ದು ಹಿಂದೆ. ಸ್ಕೂಲ್ ಪ್ರೇಯರಿಗೆ ನಮ್ಮನ್ನ ನಿಲ್ಲಿಸ್ತಿದ್ರಲ್ಲ ಎತ್ತರದ ಮೇಲೆ, ಅದರ ಉಲ್ಟಾ. ರೋಮಾಪುರದವರಿಗೆ ಬರೆದದ್ದು ಮೊದಲು ಬಂದಿರೋದು ಮೊದಲು ಬರೆದಿದ್ದಕ್ಕಲ್ಲ, ಉದ್ದ ಇರೋದಕ್ಕೆ. ಎಲ್ಲಕ್ಕಿಂತ ಹಳೇದು ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರ ಅಂತ ಬಹಳ ಜನ ಹೇಳ್ತಾರೆ, ಸುಮಾರು 50ನೇ ಇಸವಿ. ಪುಸ್ತಕದಲ್ಲಿ ಮುಂದಿರೋ ಸುವಾರ್ತೆಗಳು ಬರೆದಿದ್ದು ಅದಾದ ಮೇಲೆ.

ಕಾಗದ ಅನ್ನೋದು ಮರೀಬಾರದು. 2 ತಿಮೊಥೆಯ 4ರಲ್ಲಿ ತ್ರೋವ ಊರಲ್ಲಿ ಕರ್ಪನ ಮನೇಲಿ ಬಿಟ್ಟು ಬಂದ ಮೇಲಂಗಿ ತಗೊಂಡ್ಬಾ, ಪುಸ್ತಕಗಳನ್ನೂ ತಗೊಂಡ್ಬಾ, ಮುಖ್ಯವಾಗಿ ಚರ್ಮದ ಕಾಗದಗಳನ್ನ ಅಂತ ಇದೆ. ರೋಮಾಪುರದವರ ಪತ್ರದ ಕೊನೇಲಿ ಬರೆದುಕೊಂಡವನು ನಡುವೆ ಬಾಯಿ ಹಾಕ್ತಾನೆ, ಈ ಪತ್ರ ಬರೆದ ತೆರ್ತ್ಯನಾದ ನನ್ನ ವಂದನೆ ಅಂತ. ಇನ್ನು 1 ಕೊರಿಂಥದ 7ನೇ ಅಧ್ಯಾಯ, ನೀವು ಬರೆದು ಕೇಳಿದ ವಿಷಯಗಳಿಗೆ ಬರೋಣ ಅಂತ ಶುರುವಾಗತ್ತೆ. ಅವರು ಕೇಳಿದ ಕಾಗದ ಕಳೆದುಹೋಗಿದೆ. ಈ ಅಂಕಣದಲ್ಲಿ ಪ್ರಶ್ನೆ ಎಲ್ಲಾ ಅಳಿಸಿ ನನ್ನ ಉತ್ತರ ಮಾತ್ರ ಅಚ್ಚು ಹಾಕಿದ್ರೆ ಹೇಗಿರತ್ತೆ ಯೋಚ್ನೆ ಮಾಡಿ, ಎಷ್ಟು ಜನ ಎಷ್ಟು ಥರ ತಪ್ಪು ತಿಳ್ಕೊಳ್ಳಬಹುದು. ಅದನ್ನ ನೆನಪಿಟ್ಕೊಂಡು ಓದಿದ್ರೆ ಪೌಲನ ಕೆಲವು ಗಡುಸು ಮಾತು ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ಅಂತ ಕೇಳೋ ತಾಳ್ಮೆ ಬರತ್ತೆ.

ಪ್ರಶ್ನೆ: ನಮ್ಮ ವಾಟ್ಸಾಪ್ ಗ್ರೂಪಲ್ಲಿ 666 ಅಂದ್ರೆ ಬಾರ್‌ಕೋಡ್, ಚಿಪ್, ಅಂತ ದಿನಾ ಒಂದು ವಿಡಿಯೊ. ಪ್ರಕಟನೆ ಪುಸ್ತಕ ಓದೋಕೇ ಭಯ ಆಗತ್ತೆ. (ಮಂಗಳೂರು)

ಉತ್ತರ: ಮೊದಲು ಆ ಗ್ರೂಪನ್ನ ಮ್ಯೂಟ್ ಮಾಡಿ. ಬೈಬಲಿನ ಕೊನೇ ಪುಸ್ತಕ ಪ್ರಕಟನೆಯಲ್ಲಿ ಒಂದು ಮೃಗದ ಅಂಕಿ 666 ಅಂತ ಬರತ್ತೆ, ಅದಕ್ಕೇ ಈ ಗಲಾಟೆ. ಆ ಪುಸ್ತಕ ದರ್ಶನ ಸಾಹಿತ್ಯ ಅನ್ನೋ ಜಾತಿದು. ಆ ಕಾಲದ ಯೆಹೂದ್ಯರಲ್ಲಿ ಆ ಥರ ಬರೆಯೋದು ರೂಢಿಯಲ್ಲಿತ್ತು, ದಾನಿಯೇಲನ ಎರಡನೇ ಅರ್ಧವೂ ಅದೇ. ಮೃಗ, ಕೊಂಬು, ಅಂಕಿ ಇವೆಲ್ಲ ಅದರ ಭಾಷೆ, ನಮ್ಮ ಪುರಾಣದಲ್ಲಿ ಹತ್ತು ತಲೆ ಅಂದ್ರೆ ಯಾರೂ ಕುತ್ತಿಗೆ ಅಳತೆ ಕೇಳಲ್ಲವಲ್ಲ ಹಾಗೆ. ಮತ್ತೆ ಅದು ಪತ್ರ ಕೂಡ, ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಊರಿನ ಸಭೆಗಳಿಗೆ, ಎಲ್ಲಾ ಈಗಿನ ಟರ್ಕಿಯಲ್ಲಿವೆ. ಅವರಿಗೆ ಅರ್ಥವಾಗದ ಬಾರ್‌ಕೋಡ್ ವಿಷಯ ಅವರಿಗೆ ಬರೆದು ಏನು ಪ್ರಯೋಜನ?

ಅಂಕಿಯ ಗುಟ್ಟು ಸಂಗೀತ ಬಲ್ಲವರಿಗೆ ಬೇಗ ಹಿಡಿಯತ್ತೆ. ರಾಗದ ಹೆಸರಿಂದಲೇ ಮೇಳದ ನಂಬರ್ ಹೇಳೋ ಕಟಪಯಾದಿಯಲ್ಲಿ ಅಕ್ಷರಕ್ಕೊಂದು ಅಂಕಿ, ಧೀರಶಂಕರಾಭರಣದ ಧೀ 9, ರ 2, ತಿರುಗಿಸಿದ್ರೆ 29ನೇ ಮೇಳ. ಹೀಬ್ರೂನಲ್ಲೂ ಪ್ರತಿ ಅಕ್ಷರಕ್ಕೆ ಬೆಲೆ ಇದೆ. ಕ್ರೈಸ್ತರನ್ನ ಹಿಂಸಿಸಿದ ರೋಮಿನ ಚಕ್ರವರ್ತಿ ನೀರೋನ ಹೆಸರನ್ನ 'ನೆರೋನ್ ಕೇಸರ್' ಅಂತ ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿ: 50, 200, 6, 50, ಆಮೇಲೆ 100, 60, 200. ಮೊತ್ತ 666. ಲ್ಯಾಟಿನ್ ಥರ ಕೊನೇ 'ನ್' ಬಿಟ್ಟು 'ನೆರೋ' ಅಂತ ಬರೆದ್ರೆ 50 ಕಮ್ಮಿ ಆಗಿ 616, ಮತ್ತೆ ಕೆಲವು ಹಳೇ ಹಸ್ತಪ್ರತಿಗಳಲ್ಲಿ 616 ಅಂತಲೇ ಇದೆ! ಇದೇ ಕೊನೇ ಮಾತು ಅಂತ ಎಲ್ಲರೂ ಒಪ್ಪಿಲ್ಲ, ಆದ್ರೆ ಬಹಳ ವಿದ್ವಾಂಸರು ಹೇಳೋದು ಇದನ್ನೇ. ಸೂಪರ್ ಮಾರ್ಕೆಟ್ ಬಿಸ್ಕತ್ ಪ್ಯಾಕ್ ಧೈರ್ಯವಾಗಿ ಒಡೀರಿ.

ಪ್ರಶ್ನೆ: ಆ ಅಧ್ಯಾಯ, ವಚನದ ನಂಬರ್ ಮೂಲದಲ್ಲೇ ಇತ್ತಾ? (ಕೋಲಾರ)

ಉತ್ತರ: ಇಲ್ಲ. ಅಧ್ಯಾಯಗಳು ಹದಿಮೂರನೇ ಶತಮಾನದ ಶುರುವಿನವು, ಪ್ಯಾರಿಸಲ್ಲಿ ಪಾಠ ಹೇಳ್ತಿದ್ದ ಸ್ಟೀಫನ್ ಲ್ಯಾಂಗ್ಟನ್ ಹೆಸರಿಗೆ ಸೇರ್ತವೆ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆ 1551ರಲ್ಲಿ ಮುದ್ರಕ ರೊಬೆರ್ ಎಸ್ಟಿಯೆನ್ ಹಾಕಿದ್ದು. ಹುಡುಕೋಕೆ ಅನುಕೂಲ, ಓದೋಕೆ ಒಂದೊಂದು ಸಲ ಅಡ್ಡಗಾಲು. ಆದಿಕಾಂಡದ ಮೊದಲನೇ ಅಧ್ಯಾಯವೇ ನೋಡಿ, ಸೃಷ್ಟಿಯ ಆರನೇ ದಿನಕ್ಕೆ ಅಧ್ಯಾಯ ಮುಗೀತು, ಏಳನೇ ದಿನ ಮುಂದಿನ ಅಧ್ಯಾಯಕ್ಕೆ ಬಿತ್ತು. ಆ ಕಥೆ ನಿಜವಾಗಿ ಮುಗಿಯೋದು 2ರ 3ನೇ ವಚನಕ್ಕೆ.

ಜಾಗ ಮುಗೀತು. ತುಮಕೂರಿನವರಿಗೆ ಒಂದು ಮಾತು ಬಾಕಿ ಇದೆ. ಸರ್, ಯಾಜಕಕಾಂಡವನ್ನ ಸದ್ಯಕ್ಕೆ ಹಾಗೇ ಬಿಡಿ, ಅದು ಪುರೋಹಿತರ ಕೈಪಿಡಿ, ಯಾರೂ ಕೈಪಿಡೀನ ಕಾದಂಬರಿ ಥರ ಓದಲ್ಲ. 19ನೇ ಅಧ್ಯಾಯ ಮಾತ್ರ ನೋಡ್ಕೊಳ್ಳಿ, ಕೊಯ್ಲಿನಲ್ಲಿ ಹೊಲದ ಅಂಚನ್ನ ಬಡವರಿಗೆ ಬಿಡು, ಕೂಲಿಯವನ ಕೂಲಿ ಬೆಳಗಿನ ತನಕ ಇಟ್ಕೋಬೇಡ ಅಂತೆಲ್ಲ ಇದೆ. ಆಮೇಲೆ ಸೀದಾ ಅರಣ್ಯಕಾಂಡ 22ಕ್ಕೆ ಹಾರಿ, ಅಲ್ಲಿ ಬಿಳಾಮ ಅನ್ನೋನ ಕತ್ತೆ ಅವನಿಗಿಂತ ಮುಂಚೆ ದೇವದೂತನನ್ನ ನೋಡತ್ತೆ, ಮೂರು ಸಲ ಹೊಡೆತ ತಿಂದು ಆಮೇಲೆ ಬಾಯಿ ಬಿಟ್ಟು ಮಾತಾಡತ್ತೆ.